ಪದ ಬೇಕು: ಫುಟ್‌ಬಾಲಿನ ‘ಬಿಲ್ಡಪ್’ (ಇವತ್ತು ಸಂಜೆಯೊಳಗೆ)

ವಾಸ್ಕೋದಿಂದ:
ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಿತ್ತು. ಭಾನುವಾರ ಇಲ್ಲಿ ಗೋವೆಯ ವಾಸ್ಕೋದ ತಿಲಕ್ ಮೈದಾನದಲ್ಲಿ ನಮ್ಮ ಫುಟ್‌ಬಾಲ್ ತಂಡದ ಪಂದ್ಯವಿದೆ. ತಂಡದ ಹೆಸರು ಹೇಳುವುದಿಲ್ಲ, ಸುಮ್ನೆ ಇನ್ನೊಂದು ಜಗಳ ಯಾಕೆ. ಬೈನಾ, ಝುವಾರಿನಗರದ ಕನ್ನಡ ಹುಡುಗರು ಸೇರಿ ಕನ್ನಡದಲ್ಲೇ ಬ್ಯಾನರ್ ಹಿಡಿಯುತ್ತಿದ್ದೇವೆ. ಫ್ಲೆಕ್ಸ್ ಅಂಗಡಿಯವರಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಕಳಿಸಿದ್ದು ಹಾಗೇ ಅಚ್ಚಾಗುತ್ತದೆ, ಅದಕ್ಕೇ ಭಯ.

ವಿಷಯ ಇಷ್ಟು. ನಮ್ಮವರು ಗೋಲ್‌ಕೀಪರ್‌ನಿಂದ ಬ್ಯಾಕ್‌ಗೆ (ಹಿಂದೆ ನಿಂತು ಕಾಯುವವನಿಗೆ), ಆ ಬ್ಯಾಕ್‌ನಿಂದ ಈ ಬ್ಯಾಕ್‌ಗೆ, ಮತ್ತೆ ಕೀಪರ್‌ಗೆ ಚೆಂಡು ಕೊಡುತ್ತಾ ಇರುತ್ತಾರೆ. ಹೀಗೆ ಹಿಂದಿನಿಂದ ಆಟ ಕಟ್ಟಿಕೊಂಡು ಬರುವುದಕ್ಕೇ ಬಿಲ್ಡಪ್ ಅನ್ನುವುದು. ಮುಂದೆ ಹೋಗುವಷ್ಟರಲ್ಲಿ ಎದುರಾಳಿಗಳೆಲ್ಲ ತಮ್ಮ ಗೋಲಿನ ಬಾಕ್ಸ್ ಮುಂದೆ ಸಾಲುಗಟ್ಟಿ ನಿಂತಿರುತ್ತಾರೆ. ನಮ್ಮಲ್ಲೇ ಅರ್ಧ ಜನ ‘ಅದೇ ಸರಿ, ಎದುರಾಳಿಯನ್ನು ಮುಂದಕ್ಕೆ ಎಳೆದು ಅವರ ಬೆನ್ನ ಹಿಂದೆ ಜಾಗ ಮಾಡಿಕೊಳ್ಳಬೇಕು’ ಅನ್ನುತ್ತಾರೆ. ಉಳಿದವರು ಸ್ಟ್ರೈಕರ್‌ಗೆ ಬೇಗ ಚೆಂಡು ಸಿಗಲಿ ಅನ್ನುತ್ತಾರೆ. ಬ್ಯಾನರ್ ಈ ಎರಡನೆಯವರದು.

ಮೊದಲು ‘ಬಿಲ್ಡಪ್ ಸಾಕು, ಗೋಲು ಬೇಕು’ ಎಂದು ಬರೆದೆವು. ಆದರೆ ನಮ್ಮಲ್ಲಿ ಬಿಲ್ಡಪ್ ಅಂದರೆ ಜಂಬ ತೋರಿಸೋದು, ಅಲ್ವಾ? ‘ಪಾಸು ಸಾಕು’ ಅಂದರೆ ಪಾಸೇ ಬೇಡ ಅಂದ ಹಾಗಾಗುತ್ತದೆ. ನಮ್ಮ ತಕರಾರು ಆ ನಿಧಾನದ ಮೇಲೆ. ಒಂದೇ ಪದ ಕೊಡಿ, ದೂರದಿಂದ ಓದಲು ಬರುವಂಥದ್ದು.

ಧಾರವಾಡದಿಂದ:
ಪಾಸಿಗೆ ‘ದಾಟಿಸು’ ಇದೆ. ಹಳಗನ್ನಡದ ದಾಂಟು, ತಮಿಳಿನ ತಾಂಡು, ತೆಲುಗಿನ ದಾಟು ಎಲ್ಲ ಒಂದೇ ಬೇರು. ಅದರಿಂದ ‘ದಾಟಿಕೆ’. ಬಿಲ್ಡಪ್‌ಗೆ ‘ಆಟಗಟ್ಟು’. ‘ಆಟಗಟ್ಟು ಸಾಕು’ ಎಂದು ಬರೆಸಿ. ಮತ್ತೆ, ಫುಟ್‌ಬಾಲ್ ಅನ್ನುವುದನ್ನು ಮೊದಲು ಬಿಡಿ. ಕಾಲ್ಚೆಂಡು ಅನ್ನಲು ಏನು ಕಷ್ಟ?

ಪುಣೆಯಿಂದ:
ದಾಟಿಸುವುದು ಹೊಳೆ. ಚೆಂಡಲ್ಲ. ‘ಆಟಗಟ್ಟು’ ಓದಿದವರು ಯಕ್ಷಗಾನದ ಟಿಕೆಟ್ ಎಲ್ಲಿ ಅಂತ ಕೇಳುತ್ತಾರೆ. ಬಸ್ ಪಾಸು, ಪರೀಕ್ಷೆ ಪಾಸು ಎಲ್ಲ ನಮ್ಮಲ್ಲಿ ಯಾವತ್ತೋ ಬಂದು ಕೂತಿವೆ. ಕೊನೆಗೆ ಉಕಾರ ಹತ್ತಿದ ಮೇಲೆ ಅದು ಕನ್ನಡ.

ಧಾರವಾಡದಿಂದ:
ಉಕಾರ ಹಚ್ಚಿದ್ದೆಲ್ಲ ಕನ್ನಡವಾದರೆ ನಿಘಂಟು ಯಾಕೆ ಬೇಕು?

ಮಡಗಾಂವ್‌ನಿಂದ:
ಪದಕ್ಕೆ ಮೊದಲು ಆಟ ನೋಡೋಣ. 2017ರಿಂದ 2020ರ ಆರಂಭದವರೆಗೆ ಸರ್ಜಿಯೋ ಲೊಬೆರಾ ಕೋಚ್ ಆಗಿದ್ದಾಗ ಎಫ್‌ಸಿ ಗೋವಾ ತಂಡವನ್ನು ಇಲ್ಲಿನ ಫಾತೋರ್ಡಾ ಮೈದಾನದಲ್ಲಿ ನೋಡಿದವರಿಗೆ ಇದು ಗೊತ್ತು. ಅವರೂ ಹಿಂದಿನಿಂದಲೇ ಕಟ್ಟಿಕೊಂಡು ಬರುತ್ತಿದ್ದರು. ಆದರೆ ಚೆಂಡಿಗೆ ಕಾಲು ಒಂದು ಟಚ್, ಎರಡು ಟಚ್, ಚೆಂಡು ಹೊರಟಿತು. ಬೇಗ ಬದಿ ಬದಲಿಸಿದರೆ ಎದುರಾಳಿಯ ಸಾಲಿಗೆ ಸರಿಯಲು ಪುರುಸೊತ್ತು ಸಿಗುವುದಿಲ್ಲ, ನಡುವೆ ಕಂಡಿ ಬೀಳುತ್ತದೆ. ಆ ಕಂಡಿಯಲ್ಲಿ ಅವರ ಸ್ಟ್ರೈಕರ್ ಕೊರೊ ನಿಂತಿರುತ್ತಿದ್ದರು. ಮೂರು ಹಂಗಾಮಿನಲ್ಲಿ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) 48 ಗೋಲು ಹೊಡೆದರು. ಅದೇ ಪಾಸಿಗೆ ನಾಲ್ಕು ಟಚ್ ತೆಗೆದುಕೊಳ್ಳಿ, ಅವರೆಲ್ಲ ಆರಾಮಾಗಿ ಸರಿದು ನಿಲ್ಲುತ್ತಾರೆ.

ಹಾಗಂತ ಗೋಲು ಕಮ್ಮಿಯಾದರೆ ಸೋಲು ಅಂತೇನಿಲ್ಲ. 2010ರ ವಿಶ್ವಕಪ್‌ನಲ್ಲಿ ಸ್ಪೇನ್ 7 ಪಂದ್ಯಕ್ಕೆ ಹೊಡೆದದ್ದು 8 ಗೋಲು. ನಾಕೌಟ್ ಪಂದ್ಯ ನಾಲ್ಕೂ 1-0. ಕಪ್ ಅವರದೇ. ನನಗಂತೂ ನೋಡಿ ನಿದ್ದೆ ಬಂದಿತ್ತು, ಅದು ಬೇರೆ ಮಾತು. ಸ್ಪೇನಿನ ಆ ಚಿಕ್ಕ ಚಿಕ್ಕ ಪಾಸಿನ ಆಟಕ್ಕೆ ಟಿಕಿ-ಟಾಕಾ ಎಂಬ ಹೆಸರು ಹರಡಿದ್ದು 2006ರ ವಿಶ್ವಕಪ್ ಹೊತ್ತಿಗೆ, ಅವರ ಕಾಮೆಂಟೇಟರ್ ಆಂದ್ರೆಸ್ ಮಾಂಟೆಸ್ ಬಾಯಿಂದ. ಬ್ಯಾನರಿಗೆ ಅದನ್ನೇ ಹಾಕಿ. ಇಲ್ಲಿ ಎಲ್ಲರಿಗೂ ಗೊತ್ತು.

ಧಾರವಾಡದಿಂದ:
ಇಂಗ್ಲಿಷ್ ಸಾಲದು ಅಂತ ಈಗ ಸ್ಪ್ಯಾನಿಷ್.

ಮುಂಬೈಯಿಂದ:
ಗೋವೆಯಲ್ಲಿ ‘ಫೋರ್ಸಾ ಗೋವಾ’ ಎಂದು ಪೋರ್ಚುಗೀಸಿನಲ್ಲೇ ಕೂಗುತ್ತಾರೆ, ಯಾರ ಗಂಟಲೂ ಕಟ್ಟಿಲ್ಲ. ಬಟಾಟೆ, ಇಸ್ತ್ರಿ, ಚಾವಿ ಎಲ್ಲ ಅಲ್ಲಿಂದಲೇ ಬಂದವು. ಧಾರವಾಡದ ರಾಯರು ಚಾವಿ ಕಿಸೆಗೆ ಹಾಕಿಕೊಳ್ಳುವಾಗ ಮೈಲಿಗೆ ಆಗುವುದಿಲ್ಲವೇ? ಅಂದ ಹಾಗೆ ಮಡಗಾಂವ್‌ನವರೇ, 2019ರ ಐಎಸ್‌ಎಲ್ ಫೈನಲ್, ಗೋವಾ-ಬೆಂಗಳೂರು, ಇಲ್ಲೇ ಅಂಧೇರಿಯಲ್ಲಿ ಆಯಿತು. ನಿಮ್ಮ ಎರಡು ಟಚ್ ಎಲ್ಲಿ ಹೋಗಿತ್ತು? 117ನೇ ನಿಮಿಷ, ಒಂದು ಕಾರ್ನರ್, ರಾಹುಲ್ ಭೇಕೆ ತಲೆ ಕೊಟ್ಟರು, ಕಪ್ ಬೆಂಗಳೂರಿಗೆ.

ಧಾರವಾಡದಿಂದ:
ನಮ್ಮ ಮನೆಯಲ್ಲಿ ಅದು ಕೀಲಿಕೈ.

ವಾಸ್ಕೋದಿಂದ:
ದಯವಿಟ್ಟು ಬೀಗದ ವಿಷಯ ಆಮೇಲೆ. ಅಂಗಡಿ ಏಳಕ್ಕೆ ಮುಚ್ಚುತ್ತದೆ.

ಝುವಾರಿನಗರದಿಂದ:
ನಮ್ಮೂರು ಗುಳೇದಗುಡ್ಡ. ಮನೆಯಲ್ಲಿ ಮಗ್ಗ ಇತ್ತು. ಅದರಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವುದೇ ಲಾಳಿ. ಯಾರಾದರೂ ಸುಮ್ನೆ ಅತ್ತಿಂದಿತ್ತ ತಿರುಗುತ್ತಿದ್ದರೆ ‘ಏನೋ ಲಾಳಿ ಹೊಡದಂಗ ಅಡ್ಡಾಡ್ತಿ’ ಅಂತ ಅಜ್ಜಿ ಬೈಯುತ್ತಿದ್ದಳು. ‘ಲಾಳಿಯಾಟ ಸಾಕು, ಗೋಲು ಬೇಕು’ ಅಂದರೆ ಹೇಗೆ?

ಪುಣೆಯಿಂದ:
ಲಾಳಿ ಓಡಿದರೇ ಬಟ್ಟೆ. ಇದು ನಿಮ್ಮ ಎದುರು ಬಣದ ವಾದ.

ಝುವಾರಿನಗರದಿಂದ:
ಬಟ್ಟೆ ಬರಲಿ ಸರ್, ಆಮೇಲೆ ಒಪ್ಪಿಕೊಳ್ಳುತ್ತೇವೆ. ಈ ಹಂಗಾಮಿನಲ್ಲಿ ಇನ್ನೂ ಕರವಸ್ತ್ರದಷ್ಟೂ ಬಂದಿಲ್ಲ.

ವಾಸ್ಕೋದಿಂದ:
ಹುಡುಗರು ಒಪ್ಪಿದರು. ಲಾಳಿಯಾಟ ಒಂದೇ ಪದವಾ, ಬಿಡಿಸಿ ಬರೆಯಬೇಕಾ?

ಧಾರವಾಡದಿಂದ:
ಒಂದೇ ಪದ. ಯಕಾರಾಗಮ ಕಾಣುತ್ತಿಲ್ಲವೇ? ‘ಗೋಲು’ ಮಾತ್ರ ನನಗೆ ಒಪ್ಪಿಗೆಯಿಲ್ಲ.