ಶಾರ್ಜಾದಿಂದ ಊರಿಗೆ ದುಡ್ಡು: ಅಳಿಯ ಕೇಳಿದ್ದಕ್ಕೆ ಉತ್ತರ

ಅಳಿಯಾ, ನಮ್ಮ ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ನೋಡಿದೆ. ಸಂಬಳ ಬಂತು, 2,000 ದಿರ್ಹಮ್ ಅಮ್ಮನಿಗೆ ಕಳಿಸ್ಬೇಕು. ದುಡ್ಡು ಕಳಿಸಿಕೊಡುವ ಒಂದು ಎಕ್ಸ್‌ಚೇಂಜಲ್ಲಿ ಫೀಸೇ ಇಲ್ಲ ಅಂತಾರೆ, ಇನ್ನೊಂದರಲ್ಲಿ 20 ದಿರ್ಹಮ್ ಕೇಳ್ತಾರೆ, ರೂಮಿನವ ಹುಂಡಿಯಲ್ಲಿ, ಅಂದ್ರೆ ಲೈಸೆನ್ಸಿಲ್ಲದ ಏಜೆಂಟನ ಮೂಲಕ, ಕಳಿಸು ಅಂತಾನೆ, ಯಾವುದು ಒಳ್ಳೇದು ಅಂತ ಕೇಳಿದ್ದೀಯಲ್ಲ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಕೇಳು. ಅಕ್ಕ, ನೀನೂ ಕೇಳು, ಮಗನ ದುಡ್ಡು ಬಂದು ಬೀಳುವುದು ನಿನ್ನ ಖಾತೆಗೆ.

ಮೊದಲು ಫೀಸಿನ ವಿಷಯ. ಫೀಸು ಎಷ್ಟು ಅಂತ ಕೇಳ್ಲಿಕ್ಕೇ ಹೋಗ್ಬೇಡ. ಕೌಂಟರಲ್ಲಿ ಒಂದೇ ಪ್ರಶ್ನೆ: ಎಲ್ಲ ಸೇರಿ ನಾನು 2,000 ದಿರ್ಹಮ್ ಕೊಟ್ರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳ್ತದೆ? ಅಷ್ಟೇ. ಫೀಸಿಲ್ಲ ಅನ್ನುವವರು ಅದನ್ನು ರೇಟಲ್ಲಿ ಹಿಡ್ಕೊಳ್ತಾರೆ. ಅದನ್ನು ಪತ್ತೆ ಹಚ್ಚುವುದು ಸುಲಭ ಉಂಟು. ದಿರ್ಹಮ್ ಡಾಲರಿಗೆ ಕಟ್ಟಿ ಹಾಕಿದ ನಾಣ್ಯ, ಒಂದು ಡಾಲರಿಗೆ 3.6725 ದಿರ್ಹಮ್, ಅದು ಕದಲುವುದಿಲ್ಲ. ಹಾಗಾಗಿ ಆ ಹೊತ್ತಿನ ಡಾಲರ್ ಬೆಲೆಯನ್ನು 3.6725ರಿಂದ ಭಾಗಿಸಿದ್ರೆ ದಿರ್ಹಮಿನ ನಿಜವಾದ ಬೆಲೆ ಮೊಬೈಲಲ್ಲೇ ಸಿಗ್ತದೆ. ಲೆಕ್ಕಕ್ಕೆ ಡಾಲರ್ 88.14 ರೂಪಾಯಿ ಅಂತ ಇಟ್ಕೋ, ದಿರ್ಹಮ್ ಸರಿಯಾಗಿ 24 ರೂಪಾಯಿ ಬರ್ತದೆ. ಫೀಸಿಲ್ಲದವ 23.70 ಕೊಡ್ತಾನೆ ಅಂತ ಹೇಳುವ. ಇನ್ನೊಬ್ಬ 23.95 ಕೊಡ್ತಾನೆ, ಆದ್ರೆ 20 ದಿರ್ಹಮ್ ಫೀಸು, ಅದರ ಮೇಲೆ 5 ಶೇಕಡಾ ವ್ಯಾಟ್, ಒಟ್ಟು 21.

ಈಗ ನೋಡು. ನೀನು 500 ದಿರ್ಹಮ್ ಕೊಟ್ರೆ ಫೀಸಿಲ್ಲದವನ ಹತ್ರ 11,850 ರೂಪಾಯಿ, ಇನ್ನೊಬ್ಬನ ಹತ್ರ 11,472. ನಿನ್ನ 2,000ಕ್ಕೆ ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ, 47,400 ಮತ್ತು 47,397. ಅದೇ 5,000 ಆದ್ರೆ ಲೆಕ್ಕ ತಿರುಗಾ ಮುರುಗಾ: ಫೀಸಿಲ್ಲದವ 1,18,500, ಫೀಸಿನವ 1,19,247. ಅಂದ್ರೆ ಸಣ್ಣ ಮೊತ್ತಕ್ಕೆ ಫೀಸು ಭಾರ, ದೊಡ್ಡ ಮೊತ್ತಕ್ಕೆ ರೇಟು ಭಾರ. ಹೀಗಾಗಿ ವಾರಕ್ಕೊಮ್ಮೆ 500 ಕಳಿಸಿ ನಾಲ್ಕು ಸಲ ಫೀಸು ಕಟ್ಟುವುದಕ್ಕಿಂತ ತಿಂಗಳಿಗೊಂದೇ ಸಲ ಕಳಿಸುವುದು ಒಳ್ಳೇದು. ಕೌಂಟರಿನ ರೇಟಿಗೂ ಅವರದ್ದೇ ಆ್ಯಪ್‌ನ ರೇಟಿಗೂ ವ್ಯತ್ಯಾಸ ಇರ್ತದೆ, ಎರಡನ್ನೂ ನೋಡು. ಶನಿವಾರ, ಭಾನುವಾರ ಕರೆನ್ಸಿ ಮಾರ್ಕೆಟ್ ಮುಚ್ಚಿರ್ತದೆ, ಆಗ ರೇಟಲ್ಲಿ ಅವರು ಸ್ವಲ್ಪ ಹೆಚ್ಚೇ ಇಟ್ಕೊಳ್ಬಹುದು. ರೇಟು ಏರ್ಲಿ ಅಂತ ವಾರಗಟ್ಟಲೆ ಕಾಯುವುದರಲ್ಲಿ ಮಾತ್ರ ಹುರುಳಿಲ್ಲ ಮಾರಾಯ. 10 ಪೈಸೆ ಏರಿದ್ರೂ 2,000 ದಿರ್ಹಮಿಗೆ ಸಿಗುವುದು 200 ರೂಪಾಯಿ. ಅಷ್ಟರಲ್ಲಿ ಮನೆ ಸಾಲದ ಕಂತು ಬೌನ್ಸ್ ಆದ್ರೆ ಬ್ಯಾಂಕಿನವರು ಅದಕ್ಕಿಂತ ಹೆಚ್ಚು ಕಿತ್ಕೊಳ್ತಾರೆ.

ಬ್ಯಾಂಕಿನಿಂದ ಸ್ವಿಫ್ಟ್ ಅನ್ನುವ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ಡಾಲರಲ್ಲಿ ಕಳಿಸುವುದು ನಿನ್ನಷ್ಟು ಮೊತ್ತಕ್ಕೆ ಬೇಡ. ನಡುವಿನ ಬ್ಯಾಂಕು ಒಂದು ಪಾಲು ಹಿಡಿಯಬಹುದು, ಊರಿನ ಬ್ಯಾಂಕು ರೂಪಾಯಿಗೆ ಬದಲಾಯಿಸುವಾಗ ಅದರ ರೇಟು, ಜೊತೆಗೆ ಜಿಎಸ್‌ಟಿ, ಒಂದು ಲಕ್ಷಕ್ಕೆ 180 ರೂಪಾಯಿ. ಎಕ್ಸ್‌ಚೇಂಜಿನವರು ಅಲ್ಲೇ ರೂಪಾಯಿ ಮಾಡಿ ಕಳಿಸಿದ್ರೆ ಇಲ್ಲಿ ಬದಲಾಯಿಸುವ ಕೆಲಸವೇ ಇಲ್ಲ.

ಇನ್ನು ದುಡ್ಡು ಸಿಕ್ಕಿಹಾಕಿಕೊಳ್ಳುವ ಜಾಗ. ಅಕ್ಕ, ನಿನ್ನದು ಹಳೇ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ಕಲ್ವಾ? ಅದರಲ್ಲಿರುವ ಐಎಫ್‌ಎಸ್‌ಸಿ, ಅಂದ್ರೆ ಬ್ಯಾಂಕ್ ಶಾಖೆಯ ಕೋಡು, ಈಗ ನಡೆಯುವುದಿಲ್ಲ. ಸಿಂಡಿಕೇಟ್ 2020ರ ಏಪ್ರಿಲಲ್ಲಿ ಕೆನರಾಕ್ಕೆ ಸೇರಿತು, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ, ವಿಜಯಾ ಅದಕ್ಕೂ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾಕ್ಕೆ. ನಮ್ಮ ಕಡೆ ಎಷ್ಟು ಮನೆಯಲ್ಲಿ ಇನ್ನೂ ಹಳೇ ಪಾಸ್‌ಬುಕ್ಕೇ ಉಂಟು. ಎಸ್‌ವೈಎನ್‌ಬಿ ಅಂತ ಶುರುವಾಗುವ ಕೋಡು ಈಗ ಸಿಎನ್‌ಆರ್‌ಬಿ ಅಂತ ಆಗಿದೆ, ಅದರ ನಂತರ ಬರುವ ಅಂಕೆಗಳನ್ನೂ ಬ್ಯಾಂಕಿನವರ ಹತ್ರವೇ ಕೇಳಿ ಬರೆಸ್ಕೋ. ಅಳಿಯಾ, ಆ ಕೋಡಲ್ಲಿ ಒಟ್ಟು 11 ಅಕ್ಷರ, ಐದನೆಯದ್ದು ಯಾವಾಗ್ಲೂ ಸೊನ್ನೆ. ಇಂಗ್ಲಿಷಿನ ಓ ಅಕ್ಷರ ಒತ್ತಿಬಿಡ್ಬೇಡ.

ಅದಕ್ಕಿಂತ ಅಪಾಯ ಖಾತೆ ಸಂಖ್ಯೆ. ನಮ್ಮ ಬ್ಯಾಂಕುಗಳು ಹೀಗೆ ಬಂದ ದುಡ್ಡನ್ನು ಹೆಸರು ತಾಳೆ ನೋಡದೆ ಬರೀ ಖಾತೆ ಸಂಖ್ಯೆ ನೋಡಿ ಜಮಾ ಮಾಡಬಹುದು. ಆ ಸಂಖ್ಯೆಯ ಖಾತೆ ಇಲ್ಲದಿದ್ರೆ ದುಡ್ಡು ವಾಪಸ್ ಬರ್ತದೆ, ಬೇರೆ ಯಾರದ್ದೋ ಆಗಿದ್ರೆ ಅವರು ಒಪ್ಪಿ ಕೊಡುವವರೆಗೆ ಒದ್ದಾಟ. ಹಾಗಾಗಿ ಸಂಖ್ಯೆಯನ್ನು ಬಾಯಲ್ಲಿ ಹೇಳಿ ಬರೆಸ್ಬೇಡ, ಪಾಸ್‌ಬುಕ್ಕಿನ ಫೋಟೋ ನೋಡಿ ನೀನೇ ಎರಡು ಸಲ ಒತ್ತು. ಮೊದಲ ಸಲ 100 ದಿರ್ಹಮ್ ಮಾತ್ರ ಕಳಿಸು, ಅಮ್ಮನಿಗೆ ಬಂತು ಅಂತಾದ ಮೇಲೆ ಉಳಿದದ್ದು. ಒಂದು ಫೀಸು ಹೆಚ್ಚು ಹೋದ್ರೂ ಹೋಗ್ಲಿ. ರಸೀದಿಯಲ್ಲಿ ಯುಟಿಆರ್ ನಂಬರ್, ಅಂದ್ರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ, ಇಲ್ಲದಿದ್ರೆ ಕೇಳಿ ತಕ್ಕೋ, ದುಡ್ಡು ತಡವಾದ್ರೆ ಬ್ಯಾಂಕಲ್ಲಿ ಹುಡುಕ್ಲಿಕ್ಕೆ ಅದೇ ಬೇಕು. ಉದ್ದೇಶ ಅಂತ ಇರುವಲ್ಲಿ ಕುಟುಂಬ ನಿರ್ವಹಣೆ ಅಂತಲೇ ಹಾಕು.

ಹುಂಡಿ ಬೇಡವೇ ಬೇಡ. 1999ರ ಫೆಮಾ ಅನ್ನುವ ವಿದೇಶಿ ವಿನಿಮಯ ಕಾನೂನಲ್ಲಿ ಅದು ತಪ್ಪು, ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಆದ್ರೆ ನಂಗೆ ಹೆಚ್ಚು ಹೆದರಿಕೆ ಇನ್ನೊಂದಕ್ಕೆ. ಹುಂಡಿಯವ ಅಲ್ಲಿ ನಿನ್ನ ದಿರ್ಹಮ್ ತಕ್ಕೊಂಡು ಇಲ್ಲಿ ಯಾರದ್ದೋ ಖಾತೆಯಿಂದ ಅಕ್ಕನ ಖಾತೆಗೆ ಹಾಕಿಸ್ತಾನೆ. ಆ ಯಾರದ್ದೋ ಖಾತೆಗೆ ಆನ್‌ಲೈನ್ ವಂಚನೆಯ ದುಡ್ಡು ಬಂದಿದ್ರೆ, ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಕೂಡ್ಲೇ ಸೈಬರ್ ಪೊಲೀಸರು ಆ ದುಡ್ಡು ಹೋದ ದಾರಿಯಲ್ಲಿರುವ ಖಾತೆಗಳನ್ನು ತಡೆಹಿಡಿಸ್ತಾರೆ. ಅಕ್ಕನ ಪಿಂಚಣಿ, ಗ್ಯಾಸ್ ಸಬ್ಸಿಡಿ ಎಲ್ಲ ಅದೇ ಖಾತೆಯಲ್ಲಿ. ಬೇರೆ ರಾಜ್ಯದ ಪೊಲೀಸ್ ಠಾಣೆಗೆ ಬರೆದು, ಮಗನೇ ಕಳಿಸಿದ್ದು ಅಂತ ತೋರಿಸ್ಲಿಕ್ಕೆ ಅವಳ ಹತ್ರ ಒಂದು ಚೀಟಿಯೂ ಇರುವುದಿಲ್ಲ. ದಿರ್ಹಮಿಗೆ 30 ಪೈಸೆ ಹೆಚ್ಚು ಸಿಗ್ತದೆ ಅಂತ ಅವಳನ್ನು ಆ ಕಷ್ಟಕ್ಕೆ ದೂಡ್ಬೇಡ.

ಹಾಗೆಯೇ ರೂಮಿನವ ಯಾರಾದ್ರೂ, ನನ್ನ ಐಡಿ ಇನ್ನೂ ಬಂದಿಲ್ಲ, ನಿನ್ನ ಎಮಿರೇಟ್ಸ್ ಐಡಿಯಲ್ಲಿ ನನ್ನ ದುಡ್ಡು ಕಳಿಸು ಅಂದ್ರೆ ಆಗುವುದಿಲ್ಲ ಅಂತ ಹೇಳು. ದಾಖಲೆಯಲ್ಲಿ ಅದು ನಿನ್ನ ದುಡ್ಡು, ನಾಳೆ ಉತ್ತರ ಕೊಡ್ಬೇಕಾದವ ನೀನು. ಐಡಿ ಅಪ್‌ಡೇಟ್ ಮಾಡ್ಬೇಕು, ಒಟಿಪಿ ಹೇಳು ಅಂತ ಫೋನ್ ಬಂದ್ರೆ ಇಟ್ಟುಬಿಡು.

ಇನ್ನೊಂದು ಕೆಲಸ ಬಾಕಿ ಉಂಟು. ನೀನು ಕೆಲಸಕ್ಕೆ ಅಂತ ವಿದೇಶಕ್ಕೆ ಹೋದ ಮೇಲೆ ನಿನ್ನ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದ್ರೆ ಅನಿವಾಸಿಯ ಊರಿನ ಆದಾಯದ ಖಾತೆ, ಮಾಡಿಸ್ಬೇಕು, ಹಾಗೇ ಬಿಡುವಂತಿಲ್ಲ. ಎನ್‌ಆರ್‌ಒ ಬಡ್ಡಿಗೆ 30 ಶೇಕಡಾ ತೆರಿಗೆ, ಮೇಲೆ ಸೆಸ್ಸು ಮುರಿಯುತ್ತಾರೆ. ಅದಕ್ಕೇ ಅನಿವಾಸಿಗಳು ವಿದೇಶದ ದುಡಿಮೆ ಇಡುವ ಒಂದು ಎನ್‌ಆರ್‌ಇ ಖಾತೆಯನ್ನೂ ತೆರೆ. ಮನೆ ಖರ್ಚಿನಷ್ಟು ಅಮ್ಮನಿಗೆ, ಉಳಿತಾಯ ಎನ್‌ಆರ್‌ಇಗೆ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ಪೂರ್ತಿ ವಾಪಸ್ ತಕ್ಕೊಂಡು ಹೋಗ್ಲಿಕ್ಕೂ ಆಗ್ತದೆ. ಎಫ್‌ಡಿ ಮಾತ್ರ ಒಂದು ವರ್ಷಕ್ಕಿಂತ ಮೊದಲು ಮುರಿದ್ರೆ ಬಡ್ಡಿಯೇ ಇಲ್ಲ. ಊರಿನ ಸಿಮ್‌ಗೆ ರೀಚಾರ್ಜ್ ತಪ್ಪಿಸ್ಬೇಡ, ಒಟಿಪಿ ಬರುವುದು ಅದಕ್ಕೇ.

ಅಕ್ಕ, ನೀನು ತೆರಿಗೆ ಬರ್ತದಾ ಅಂತ ಕೇಳಿದ್ದಿ. ಮಗ ಕಳಿಸಿದ ದುಡ್ಡಿಗೆ, ಎಷ್ಟೇ ಆಗ್ಲಿ, ನಿನಗೆ ತೆರಿಗೆ ಇಲ್ಲ. ಅದನ್ನು ನಿನ್ನ ಹೆಸರಲ್ಲಿ ಎಫ್‌ಡಿ ಇಟ್ರೆ ಆ ಬಡ್ಡಿ ಮಾತ್ರ ನಿನ್ನ ಆದಾಯ. ಸೋಮವಾರ ಬ್ಯಾಂಕಿಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸು, ಮೊದಲ ಪುಟದ ಫೋಟೋವನ್ನು ಅಳಿಯನ ನಂಬರಿಗೆ ಮಾತ್ರ ಕಳಿಸು, ಈ ಗ್ರೂಪಿಗೆ ಹಾಕ್ಬೇಡ. ಅದು ಬರುವವರೆಗೆ ನೀನು ಕಳಿಸ್ಲಿಕ್ಕೆ ಹೋಗ್ಬೇಡ ಅಳಿಯಾ.