ಅಪ್‌ಡೇಟ್: ಹಳೆಯ ಬಿಎಂಡಬ್ಲ್ಯೂನ ಮೂಲ ಸ್ಟೀರಿಯೊದಲ್ಲೇ ಬ್ಲೂಟೂತ್

2006ರ ಬಿಎಂಡಬ್ಲ್ಯೂ 5 ಸರಣಿಯ (ಇ60) ನನ್ನ ಕಾರಿನಲ್ಲಿ, ಕಂಪನಿಯ ಸ್ಟೀರಿಯೊ ಕೀಳದೆ ಮೊಬೈಲ್ ಹಾಡು ಕೇಳುವ ದಾರಿಯನ್ನು ಇಲ್ಲಿ ನಿಮ್ಮೆಲ್ಲರಲ್ಲಿ ಕೇಳಿದ್ದೆ. ಕೆಲಸ ಚಿಕ್ಕಮಗಳೂರಿನಲ್ಲೇ ಮುಗಿಯಿತು.

ಮೊದಲು ಎಫ್‌ಎಂ ಟ್ರಾನ್ಸ್‌ಮಿಟರ್ (ಮೊಬೈಲ್ ಹಾಡನ್ನು ಕಾರಿನ ರೇಡಿಯೊಗೆ ಕಳಿಸುವ ಪುಟ್ಟ ಸಾಧನ) ಹಾಕಿ ನೋಡಿದೆ. ಅಷ್ಟು ಒಳ್ಳೆಯ ಸ್ಪೀಕರ್‌ಗಳಲ್ಲಿ ಆ ಕರಕರ ಸದ್ದು ಕೇಳಲು ಮನಸ್ಸೇ ಒಪ್ಪಲಿಲ್ಲ. ಕಾರಿನಲ್ಲಿ ಮೊಬೈಲನ್ನು ತಂತಿಯಿಂದ ಜೋಡಿಸುವ ಆಕ್ಸ್ ಕಿಂಡಿಯೂ ಇಲ್ಲ. ಹಾಗಾಗಿ ನೀವು ಹೇಳಿದ ಮೋಸ್ಟ್ ಅಡಾಪ್ಟರನ್ನೇ ತರಿಸಿದೆ; ಮೋಸ್ಟ್ ಅಂದರೆ ಕಾರಿನೊಳಗಿನ ಆಡಿಯೊ ಜಾಲ, ಬ್ಲೂಟೂತ್‌ನಿಂದ ಬಂದ ಹಾಡನ್ನು ಈ ಅಡಾಪ್ಟರ್ ಅದಕ್ಕೆ ಸೇರಿಸುತ್ತದೆ.

ಈ ಕಾರಿನಲ್ಲಿ ಸ್ಟೀರಿಯೊ, ಆಂಪ್ಲಿಫೈಯರ್ ಎಲ್ಲವೂ ಒಂದೇ ಆಪ್ಟಿಕಲ್ ಫೈಬರ್ ಬಳೆಯಲ್ಲಿ ಕೂಡಿಕೊಂಡಿವೆ. ಸದ್ದು ಕೆಂಪು ಬೆಳಕಾಗಿ ಹರಿಯುತ್ತದೆ. ಬಳೆ ಎಲ್ಲಿ ತುಂಡಾದರೂ ಇಡೀ ವ್ಯವಸ್ಥೆ ಮೌನ. ಫೈಬರನ್ನು 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಬಾರದು, ತುದಿಗೆ ಬೆರಳು ತಾಗಿಸಬಾರದು. ಎಲೆಕ್ಟ್ರಿಷಿಯನ್ ಅಣ್ಣ ಇದನ್ನು ಕೇಳಿಸಿಕೊಂಡು, ಬ್ಯಾಟರಿ ತಂತಿ ಬಿಚ್ಚಿಟ್ಟು, ಬಹಳ ಜತನದಿಂದ ಜೋಡಿಸಿದರು. ಅವರ ತಾಳ್ಮೆಗೆ ನಾನು ಋಣಿ.

ಈಗ ಸದ್ದು ಸ್ವಚ್ಛವಾಗಿದೆ, ಸ್ಟೀರಿಂಗ್ ಗುಂಡಿಗಳಿಂದಲೇ ಹಾಡು ಬದಲಾಗುತ್ತದೆ. ಚಾರ್ಮಾಡಿ ಘಾಟಿಗೆ ಹೋಗುವವರು ಹಾಡುಗಳನ್ನು ಮೊಬೈಲ್‌ನಲ್ಲಿ ಮೊದಲೇ ಇಳಿಸಿಕೊಳ್ಳಿ. ಬ್ಲೂಟೂತ್‌ಗೆ ನೆಟ್‌ವರ್ಕ್ ಬೇಡ, ಆನ್‌ಲೈನ್ ಹಾಡಿಗೆ ಬೇಕು.