16 ತಿಂಗಳ ಮಗಳಿಗೆ ಡೈಪರ್ ರ‍್ಯಾಶ್ ಮತ್ತೆ ಮತ್ತೆ ಬರ್ತಿದೆ, ಕಾರಣ ಹುಡುಕೋದು ಹೇಗೆ?

ಜಲನಗರದ ಅಮ್ಮ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಬಿಸಿಲು ಏರಿದಾಗಿನಿಂದ ಮಗಳಿಗೆ ಡೈಪರ್ ಜಾಗದಲ್ಲಿ ಕೆಂಪಗಾಗುತ್ತಿದೆ. ಜಿಂಕ್ ಕ್ರೀಮ್ ಹಚ್ಚಿದರೆ ಸ್ವಲ್ಪ ಇಳಿಯುತ್ತದೆ. ಹೋಯ್ತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಶುರು. ಈ ಸಲ ಜೋರಾಗಿದೆ. ತೊಳೆಯಲು ನೀರು ಹಾಕಿದರೆ ಸಾಕು, ಕಾಲು ಬಿಗಿಹಿಡಿದು ಕಿರುಚುತ್ತಾಳೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಾನು ಶಾಲೆಗೆ ಹೋದಾಗ ಅತ್ತೆ ನೋಡಿಕೊಳ್ಳುತ್ತಾರೆ. ಹಗಲು ಬಟ್ಟೆಯ ಲಂಗೋಟಿ, ರಾತ್ರಿ ಡೈಪರ್. ಮನೆಯಲ್ಲಿ ಬೋರ್ ನೀರು, ಭಾಳ ಗಡಸು. ಬಕೆಟ್ ಅಂಚಿಗೆಲ್ಲ ಬಿಳಿ ಪದರ ಕಟ್ಟಿರುತ್ತದೆ. ಡೈಪರ್ ಕಂಪನಿ ಬದಲಾಯಿಸಿ ನೋಡಿದೆವು, ಏನೂ ವ್ಯತ್ಯಾಸ ಆಗಲಿಲ್ಲ. ಅತ್ತೆಯ ಪ್ರಕಾರ ಡೈಪರ್ ಹಾಕುವುದೇ ಕಾರಣ. ಓರಗಿತ್ತಿ ಹಲ್ಲು ಬರುತ್ತಿರಬೇಕು ಅನ್ನುತ್ತಾಳೆ. ನಾದಿನಿ ದ್ರಾಕ್ಷಿ ಜಾಸ್ತಿ ಕೊಟ್ಟಿದ್ದಕ್ಕೆ ಅನ್ನುತ್ತಾಳೆ. ಮೆಡಿಕಲ್ ಅಂಗಡಿಯವರು ಒಂದು ಟ್ಯೂಬ್ ಕೊಟ್ಟಿದ್ದಾರೆ. ಅದರ ಮೇಲೆ ಕ್ಲೊಬೆಟಾಸಾಲ್, ನಿಯೋಮೈಸಿನ್, ಮೈಕೊನಜೋಲ್ ಅಂತ ಇದೆ. ಇನ್ನೂ ಹಚ್ಚಿಲ್ಲ.

ಇಷ್ಟು ಜನ ಇಷ್ಟು ಕಾರಣ ಹೇಳುತ್ತಾರೆ. ನಮ್ಮ ಮಗುವಿಗೆ ಆಗಿರುವುದು ಯಾವುದರಿಂದ ಅಂತ ತಿಳಿಯುವುದು ಹೇಗೆ?

ಟಿಳಕವಾಡಿ ಅಪ್ಪ, ಬೆಳಗಾವಿ

ನಮ್ಮ ಮಗನಿಗೆ ಆಗಿದ್ದು ವೈಪ್ಸ್‌ನಿಂದ. ನಾವೂ ಡೈಪರ್ ಮೇಲೆಯೇ ಅನುಮಾನ ಪಡುತ್ತಿದ್ದೆವು. ಚರ್ಮದ ಡಾಕ್ಟರ್ ಮಗನ ಕೆನ್ನೆ ನೋಡಿದರು. ಬಾಯಿಯ ಸುತ್ತ, ಕೆನ್ನೆಯ ಮೇಲೆ ಒರಟೊರಟಾಗಿ ಕೆಂಪು ಗುಳ್ಳೆ ಇತ್ತು. ನಾವು ಅದನ್ನು ಊಟದ ಜೊಲ್ಲು ಅಂತ ತಿಳಿದಿದ್ದೆವು. "ಊಟ ಆದಮೇಲೆ ಮುಖವನ್ನೂ ಇದರಲ್ಲೇ ಒರೆಸ್ತೀರಾ?" ಅಂತ ಕೇಳಿದರು. ಹೌದು ಅಂದೆವು. ಪ್ಯಾಕೆಟ್ ತರಿಸಿ ಸಣ್ಣ ಅಕ್ಷರದಲ್ಲಿದ್ದ ಒಂದು ಹೆಸರಿನ ಮೇಲೆ ಬೆರಳಿಟ್ಟರು: ಮೀಥೈಲ್ ಐಸೋಥಯಜೋಲಿನೋನ್. ವೈಪ್ಸ್ ಕೆಡದಂತೆ ಹಾಕುವ ವಸ್ತು. ಕೆಲವು ಮಕ್ಕಳಿಗೆ ಅಲರ್ಜಿ ಆಗುತ್ತದಂತೆ. ವೈಪ್ಸ್ ಬಿಟ್ಟು ಹತ್ತಿ ಮತ್ತು ನೀರಿಗೆ ಬಂದೆವು. ಕೆನ್ನೆ, ಕುಂಡಿ ಎರಡೂ ಕಡೆ ನಿಧಾನಕ್ಕೆ ವಾಸಿಯಾಯಿತು.

ಹಾಗಾಗಿ ಬೇರೆ ಎಲ್ಲಾದರೂ ಇದೇ ಥರ ಇದೆಯಾ ಅಂತ ಒಮ್ಮೆ ಮೈಯೆಲ್ಲ ನೋಡಿ.

ಮುಧೋಳದ ಅಜ್ಜಿ

ನಮ್ಮ ಕಾಲಕ್ಕೆ ಮಕ್ಕಳನ್ನು ಬರೀ ಮೈಯಲ್ಲಿ ಬಿಡುತ್ತಿದ್ದೆವು, ಇದೆಲ್ಲ ಕಡಿಮೆಯೇ ಇತ್ತು. ತೊಳೆದು ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಪೌಡರ್ ಹಾಕಿ ಬಿಡವ್ವಾ. ಬೋರಿಕ್ ಪೌಡರ್ ಸಿಕ್ಕರೆ ಇನ್ನೂ ಒಳ್ಳೆಯದು.

ನವನಗರದ ಸಿಸ್ಟರ್, ಬಾಗಲಕೋಟೆ

ನಾನು ಮಕ್ಕಳ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು, ಈಗ ನಿವೃತ್ತಿ. ಅಜ್ಜಿ ಬರೀ ಮೈಯಲ್ಲಿ ಬಿಡಿ ಅಂದಿದ್ದು ನೂರಕ್ಕೆ ನೂರು ಸರಿ. ಗಾಳಿಯಾಡಿದರೆ ಅರ್ಧ ಕೆಲಸ ಆದಂತೆ. ಆದರೆ ಬೋರಿಕ್ ಪೌಡರ್ ದಯವಿಟ್ಟು ಬೇಡ. ಕೆರೆದ ಚರ್ಮದ ಮೂಲಕ ಅದು ಮೈಯೊಳಗೆ ಹೋಗಿ ವಿಷವಾಗುತ್ತದೆ. ಹಿಂದೆ ಮಕ್ಕಳ ಪ್ರಾಣವನ್ನೇ ತೆಗೆದಿದೆ. ಮಾಮೂಲಿ ಪೌಡರ್ ಕೂಡ ಬೇಡ, ಮಗು ಉಸಿರಾಡುವಾಗ ಎದೆಗೆ ಹೋಗುತ್ತದೆ.

ಇನ್ನು ಆ ಟ್ಯೂಬ್. ಹಚ್ಚದೆ ಇಟ್ಟಿದ್ದೀರಲ್ಲ, ಹಾಗೇ ಇರಲಿ. ಕ್ಲೊಬೆಟಾಸಾಲ್ ಅನ್ನುವುದು ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತ್ಯಂತ ಜೋರಿನದು. ಮಗುವಿನ ಚರ್ಮ ತೆಳು. ಮೇಲೆ ಡೈಪರ್ ಮುಚ್ಚಿದರೆ ಔಷಧ ಇನ್ನೂ ಜಾಸ್ತಿ ಒಳಗೆ ಇಳಿಯುತ್ತದೆ. ಹಚ್ಚಿದ ಮರುದಿನವೇ ಕೆಂಪು ಇಳಿದು ಎಲ್ಲರಿಗೂ ಖುಷಿಯಾಗುತ್ತದೆ. ಬಿಟ್ಟ ಮೇಲೆ ಮೊದಲಿಗಿಂತ ಜೋರಾಗಿ ಬರುತ್ತದೆ, ಮತ್ತೆ ಹಚ್ಚುತ್ತಾರೆ. ಹೀಗೆ ಹಚ್ಚಿ ಹಚ್ಚಿ ಚರ್ಮ ಕಾಗದದಷ್ಟು ತೆಳುವಾದ ಕೂಸುಗಳನ್ನು ನಾನು ಎತ್ತಿಕೊಂಡಿದ್ದೇನೆ. ಇಂಥ ಟ್ಯೂಬ್‌ಗಳನ್ನು ಚೀಟಿ ಇಲ್ಲದೆ ಕೊಡುವುದನ್ನು ನೋಡಿದರೆ ಈಗಲೂ ಸಂಕಟ ಆಗುತ್ತದೆ.

ಕಾರಣ ಹುಡುಕಬೇಕು ಅಂದಿರಿ, ಒಳ್ಳೆಯ ಪ್ರಶ್ನೆ. ರ‍್ಯಾಶ್ ಎಲ್ಲಿ ಕೂತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ನಾಳೆ ಬೆಳಿಗ್ಗೆ ಕಿಟಕಿ ಪಕ್ಕ ಬೆಳಕಿನಲ್ಲಿ ಮಲಗಿಸಿ. ಉಗುರುಬೆಚ್ಚಗಿನ ನೀರು ಸುರಿದು ತೊಳೆದು, ಮೆತ್ತಗೆ ಒತ್ತಿ ಒರೆಸಿ. ಆಮೇಲೆ ತೊಡೆಯ ಸಂದು ಬಿಡಿಸಿ ನೋಡಿ.

ಕುಂಡಿ, ತೊಡೆಯ ಒಳಭಾಗ, ಮುಂದಿನ ಭಾಗ, ಹೀಗೆ ಉಬ್ಬಿದ ಕಡೆ ಮಾತ್ರ ಕೆಂಪಗಿದ್ದು ಸಂದು ಚೆನ್ನಾಗಿದ್ದರೆ ಅದು ಹಸಿ ಮತ್ತು ಉಜ್ಜಾಟದಿಂದ ಆಗಿದ್ದು. ಇದೇ ಎಲ್ಲಕ್ಕಿಂತ ಜಾಸ್ತಿ ಕಾಣುವುದು. ಬರೀ ಉಚ್ಚೆ ಅಷ್ಟು ಹಾಳು ಮಾಡುವುದಿಲ್ಲ. ಉಚ್ಚೆ ಮತ್ತು ಕಕ್ಕ ಎರಡೂ ಸೇರಿ ಹಾಗೇ ಉಳಿದರೆ ಅಮೋನಿಯಾ ಆಗುತ್ತದೆ, ಅದರಿಂದ ಕಕ್ಕದಲ್ಲಿರುವ, ಊಟ ಕರಗಿಸುವ ಎನ್‌ಜೈಮ್‌ಗಳಿಗೆ ಜೋರು ಬರುತ್ತದೆ, ಅವು ಚರ್ಮವನ್ನೇ ತಿನ್ನತೊಡಗುತ್ತವೆ. ಅದಕ್ಕೇ ಭೇದಿ ಆದಾಗೆಲ್ಲ ರ‍್ಯಾಶ್ ಬರುತ್ತದೆ. ಹಲ್ಲಿನ ಮೇಲೆ ಸುಮ್ನೆ ದೂರು ಹಾಕುತ್ತಾರೆ. ಆ ವಯಸ್ಸಿಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಹೊಟ್ಟೆ ಕೆಡುತ್ತದೆ, ಅಷ್ಟೇ.

ಸಂದಿನ ಒಳಗೇ ಗಾಢ ಕೆಂಪಾಗಿದ್ದು, ಅಂಚಿನಿಂದ ಸ್ವಲ್ಪ ದೂರದಲ್ಲಿ ಚಿಕ್ಕ ಚಿಕ್ಕ ಕೆಂಪು ಚುಕ್ಕೆ ಚೆಲ್ಲಿದಂತೆ ಇದ್ದರೆ ಫಂಗಸ್ ಇರಬಹುದು. ಸೊಂಟದ ಎಲಾಸ್ಟಿಕ್ ಅಥವಾ ತೊಡೆಯ ಅಂಚು ಎಲ್ಲಿ ತಾಗುತ್ತದೋ ಅಲ್ಲೇ ಗೆರೆಯಾಗಿದ್ದರೆ ಡೈಪರ್‌ನಲ್ಲಿರುವ ಯಾವುದೋ ವಸ್ತು ಆಗಿಬರುತ್ತಿಲ್ಲ ಅಂತ ಅರ್ಥ. ಡೈಪರ್ ಬದಲಾಯಿಸಿದರೆ ಗುಣ ಕಾಣುವುದು ಇಂಥದ್ದರಲ್ಲಿ.

ಒಂದು ಇದೆ, ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಮಲದ್ವಾರದ ಸುತ್ತ ಮಾತ್ರ ಗೆರೆ ಎಳೆದಂತೆ ಕಡುಕೆಂಪು ಉಂಗುರ. ಕಕ್ಕ ಮಾಡುವಾಗ ಅಳುತ್ತದೆ, ಹೆದರಿ ತಡೆದುಕೊಳ್ಳುತ್ತದೆ, ಕೆಲವೊಮ್ಮೆ ರಕ್ತದ ಗೆರೆಯೂ ಕಾಣುತ್ತದೆ. ಇದು ಸ್ಟ್ರೆಪ್ ಬ್ಯಾಕ್ಟೀರಿಯಾ ಇರಬಹುದು. ಡಾಕ್ಟರ್ ಹತ್ತಿ ಕಡ್ಡಿಯಿಂದ ಒರೆಸಿ ಸ್ವಾಬ್ ತೆಗೆದು ನೋಡಿ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಡೈಪರ್ ಕ್ರೀಮ್ ಹಚ್ಚುತ್ತಾ ಕೂತರೆ ಹೋಗುವುದಿಲ್ಲ.

ಬೆಳಗಾವಿಯ ಅಪ್ಪ ಹೇಳಿದಂತೆ ಮೈಯೆಲ್ಲ ನೋಡುವುದೂ ಮುಖ್ಯ. ಬಾಯಿಯ ಸುತ್ತ, ಕೈಕಾಲಿನಲ್ಲೂ ರ‍್ಯಾಶ್ ಇದ್ದು, ಭೇದಿ ನಿಲ್ಲದೆ, ಕೂದಲು ಉದುರುತ್ತಿದ್ದರೆ ಮೈಯಲ್ಲಿ ಜಿಂಕ್ ಕೊರತೆ ಇದೆಯಾ ಅಂತ ಡಾಕ್ಟರ್ ನೋಡಬೇಕಾಗುತ್ತದೆ. ಇದು ಅಪರೂಪ, ಆದರೆ ಬಿಡುವಂಥದ್ದಲ್ಲ.

ನನಗೆ ಎರಡು ಮಾತು ಹೇಳಿ. ಇದು ಶುರುವಾಗುವ ಮೊದಲು ಮಗುವಿಗೆ ಏನಾದರೂ ಆ್ಯಂಟಿಬಯೋಟಿಕ್ ಕೊಟ್ಟಿದ್ದರಾ? ಬಾಯಿಯೊಳಗೆ ಬಿಳಿ ಕಾಣುತ್ತದಾ?

ಜಲನಗರದ ಅಮ್ಮ, ವಿಜಯಪುರ

ಸಿಸ್ಟರ್, ನೀವು ಹೇಳಿದಂತೆ ಕಿಟಕಿ ಪಕ್ಕ ಮಲಗಿಸಿ ನೋಡಿದೆ. ಕುಂಡಿ ಮೇಲೆ ಕಡಿಮೆ, ಸಂದಿನಲ್ಲೇ ಜಾಸ್ತಿ. ಬಿಡಿಸಿದರೆ ಒಳಗೆ ಒದ್ದೆ ಒದ್ದೆಯಾಗಿ ಹೊಳೆಯುತ್ತಿದೆ. ಅಂಚಿನಲ್ಲಿ ತೆಳ್ಳಗೆ ಬಿಳಿ ಸಿಪ್ಪೆ ಏಳುತ್ತಿದೆ. ಹೊಟ್ಟೆಯ ಕೆಳಗೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿವೆ. ಮೊದಲು ಅವನ್ನು ಬೆವರುಸಾಲೆ ಅಂದುಕೊಂಡಿದ್ದೆ. ಮುಖ, ಕೈ ಚೆನ್ನಾಗಿವೆ. ಮಲದ್ವಾರದ ಸುತ್ತ ಉಂಗುರ ಇಲ್ಲ.

ಹೌದು, ಕಿವಿನೋವಿಗೆ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟಿದ್ದರು. ಆಗ ಹೊಟ್ಟೆಯೂ ಸ್ವಲ್ಪ ಸಡಿಲ ಆಗಿತ್ತು. ಕೆನ್ನೆಯ ಒಳಗೆ ಹಾಲು ಅಂಟಿದಂತೆ ಬಿಳಿ ಇದೆ, ಒರೆಸಿದರೂ ಹೋಗುತ್ತಿಲ್ಲ.

ನವನಗರದ ಸಿಸ್ಟರ್, ಬಾಗಲಕೋಟೆ

ಎಷ್ಟು ಚೆನ್ನಾಗಿ ನೋಡಿದ್ದೀರಿ! ಇದೇ ಮಾತನ್ನು ಹೀಗೇ ಡಾಕ್ಟರ್‌ಗೆ ಹೇಳಿ.

ನೀವು ಹೇಳಿದ್ದು ಕೇಳಿದರೆ ಕ್ಯಾಂಡಿಡಾ ಅನ್ನುವ ಫಂಗಸ್ ಇರಬಹುದು ಅನಿಸುತ್ತದೆ. ಆ್ಯಂಟಿಬಯೋಟಿಕ್ ಕೊಟ್ಟಾಗ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸಾಯುತ್ತವೆ, ಆ ಜಾಗಕ್ಕೆ ಇದು ಬೆಳೆಯುತ್ತದೆ. ಕಿವಿನೋವಿಗೆ ಔಷಧ ಬೇಕಿತ್ತು, ಅದನ್ನು ಕೊಟ್ಟಿದ್ದು ಸರಿಯೇ. ಬಾಯಿಯಲ್ಲಿರುವ ಬಿಳಿಯೂ ಇದೇ ಫಂಗಸ್ ಆಗಿದ್ದರೆ ಹೊಟ್ಟೆಯ ಮೂಲಕ ಕೆಳಗಿನವರೆಗೂ ಬರುತ್ತಲೇ ಇರುತ್ತದೆ. ಕೆಳಗೆ ಮಾತ್ರ ಹಚ್ಚುತ್ತಾ ಹೋದರೆ ಮತ್ತೆ ಮತ್ತೆ ಬರುವುದು ಹೀಗೆ. ಇನ್ನೂ ಹಾಲು ಕುಡಿಸುತ್ತಿದ್ದರೆ, ನಿಮ್ಮ ಮೊಲೆತೊಟ್ಟು ಉರಿಯುತ್ತಿದೆಯಾ ಅನ್ನುವುದನ್ನೂ ಹೇಳಿ. ಆಗ ಇಬ್ಬರಿಗೂ ಒಟ್ಟಿಗೆ ಔಷಧ ಕೊಡುತ್ತಾರೆ.

ಜಿಂಕ್ ಕ್ರೀಮ್ ತಪ್ಪಲ್ಲ. ಅದು ಹಸಿ ತಾಗದಂತೆ ತಡೆಯುತ್ತದೆ, ಫಂಗಸ್ ಕೊಲ್ಲುವುದಿಲ್ಲ. ಅದಕ್ಕೇ ನಿಮಗೆ ಅರ್ಧ ಮಾತ್ರ ಇಳಿಯುತ್ತಿತ್ತು. ಫಂಗಸ್ ಕೊಲ್ಲಲು ಡಾಕ್ಟರ್ ಸಾಮಾನ್ಯವಾಗಿ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಬರೆಯುತ್ತಾರೆ. ಅದನ್ನು ತೆಳ್ಳಗೆ ಹಚ್ಚಿ, ಮೇಲೆ ಜಿಂಕ್ ದಪ್ಪಗೆ. ಕೆಂಪು ಹೋಯ್ತು ಅಂತ ಅವತ್ತೇ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಹಚ್ಚಿ.

ಅತ್ತೆಗೆ ಬೇಜಾರು ಆಗದಂತೆ ಲಂಗೋಟಿಯ ವಿಷಯವೂ ಹೇಳಿ. ಬಟ್ಟೆ ಒದ್ದೆಯನ್ನು ಚರ್ಮಕ್ಕೇ ಹಿಡಿದಿಡುತ್ತದೆ, ಒದ್ದೆಯಾದ ಕೂಡಲೇ ಬದಲಾಯಿಸಬೇಕು. ಗಡಸು ನೀರಿನಲ್ಲಿ ಸೋಪು ಬಟ್ಟೆಯಲ್ಲೇ ಉಳಿಯುತ್ತದೆ. ಬಟ್ಟೆ ಒಗೆಯುವ ಪೌಡರ್ ಕಡಿಮೆ ಹಾಕಿ, ಇನ್ನೊಂದು ಸಲ ಜಾಸ್ತಿ ಜಾಲಾಡಿ. ಬಟ್ಟೆ ಮೆತ್ತಗಾಗಲು ಹಾಕುವ ಕಂಫರ್ಟ್ ಥರದ್ದು ಬೇಡ. ಬಿಸಿಲು ನಿಮ್ಮಲ್ಲಿ ಬೇಕಾದಷ್ಟು ಇದೆ, ಗರಿಗರಿಯಾಗುವಷ್ಟು ಒಣಗಿಸಿ. ಬೆಳಗಾವಿಯವರಿಗೆ ಮಳೆಗಾಲದಲ್ಲಿ ಅದೇ ಕಷ್ಟ, ಪಾಪ. ರಾತ್ರಿ ಡೈಪರ್ ಹಾಕುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಡೈಪರ್ ಒದ್ದೆಯನ್ನು ಎಳೆದುಕೊಳ್ಳುತ್ತದೆ. ಬಿಗಿಯಾಗಿ ಮಾತ್ರ ಹಾಕಬೇಡಿ.

ದ್ರಾಕ್ಷಿ ಈಗ ಸ್ವಲ್ಪ ಕಡಿಮೆ ಮಾಡಿ, ಹುಳಿ ಹಣ್ಣು ತಿಂದು ಕಕ್ಕ ಸಡಿಲ ಆದರೆ ಉರಿ ಹೆಚ್ಚುತ್ತದೆ. ಕೊಡುವಾಗಲೂ ಉದ್ದಕ್ಕೆ ಸೀಳಿ ನಾಲ್ಕು ತುಂಡು ಮಾಡಿ. ಇಡೀ ದ್ರಾಕ್ಷಿ ಈ ವಯಸ್ಸಿನವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಜ್ವರ ಬಂದರೆ, ಕೀವಿನ ಗುಳ್ಳೆ ಎದ್ದರೆ, ಚರ್ಮ ಸುಲಿದು ರಕ್ತ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಹೋಗಿ.

ಜಲನಗರದ ಅಮ್ಮ, ವಿಜಯಪುರ

ತುಂಬಾ ಥ್ಯಾಂಕ್ಸ್ ಸಿಸ್ಟರ್. ನಾಳೆ ಸಂಜೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅತ್ತೆಯೂ ಬರುತ್ತಾರೆ. ಆ ಟ್ಯೂಬ್ ತೆಗೆದುಕೊಂಡು ಹೋಗಿ ತೋರಿಸಲಾ?

ನವನಗರದ ಸಿಸ್ಟರ್, ಬಾಗಲಕೋಟೆ

ತೋರಿಸಿ. ಕಿವಿನೋವಿನ ಸಿರಪ್ ಬಾಟಲಿ, ಜಿಂಕ್ ಕ್ರೀಮ್, ವೈಪ್ಸ್ ಇದ್ದರೆ ಅದರ ಪ್ಯಾಕೆಟ್, ಎಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹೋಗುವ ಮೊದಲು ಕ್ರೀಮ್ ಏನೂ ಹಚ್ಚಬೇಡಿ. ಬಿಳಿ ಮೆತ್ತಿದ್ದರೆ ಡಾಕ್ಟರ್‌ಗೆ ಚರ್ಮ ಕಾಣುವುದಿಲ್ಲ, ಅಲ್ಲೇ ಒರೆಸಲು ಹೋದರೆ ಕೂಸಿಗೆ ನೋವು. ರಾತ್ರಿ ಜಾಸ್ತಿ ಇರುತ್ತದಾ, ಹಗಲು ಜಾಸ್ತಿಯಾ ಅಂತ ಕೇಳಬಹುದು, ಅದನ್ನು ಅತ್ತೆಯ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.